ನಾನು ಸರಿಪಡಿಸಿದ ಏಳು ಚುಕ್ಕಿಗಳು

ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮದುವೆಯ ಆಮಂತ್ರಣ ಪತ್ರ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಶಿರಹಟ್ಟಿಯ ಬಸ್ ನಿಲ್ದಾಣದ ಹತ್ತಿರ ಒಂದು ಚಹಾದಂಗಡಿಯ ಬೋರ್ಡಿನಲ್ಲಿ ದೀರ್ಘ ಬಿದ್ದುಹೋಗಿದೆ ಎಂದು ಮಾಲೀಕನ ಜೊತೆ ಎರಡು ಸಲ ವಾದ ಮಾಡಿದ್ದೇನೆ. ಮೂರನೆಯ ಸಲ ಅವನು ನನ್ನನ್ನು ದೂರದಿಂದಲೇ ಕಂಡು ಒಳಗೆ ಹೋದ. ಅದೇ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ, ಅಂದರೆ ದಿನವಿಡೀ ಬೇರೆಯವರ ತಪ್ಪು ಹುಡುಕುವುದೇ ನನ್ನ ಕಸುಬು. ಇದನ್ನು ಒಳ್ಳೆಯ ಗುಣ ಎಂದೇ ಬಹಳ ಕಾಲ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ. ಬೆಟಗೇರಿಯ ಒಂದು ಮನೆಯಲ್ಲಿ ಈ ಗುಣದಿಂದ ನಾನು ಮಾಡಿಟ್ಟ ಕೆಲಸವನ್ನು ಇಲ್ಲಿ ಹೇಳಿಕೊಳ್ಳುತ್ತೇನೆ, ಹೇಳಿಕೊಳ್ಳಬೇಕಾದವರ ಮುಂದೆ ಹೇಳಿಕೊಳ್ಳಲು ಆಗಿಲ್ಲವಾದ್ದರಿಂದ.

ಅದು ನನ್ನ ಗೆಳತಿಯ ಮನೆ. ಗದಗಿನಲ್ಲಿ ಇಬ್ಬರೂ ಒಟ್ಟಿಗೆ ಡಿಪ್ಲೊಮಾ ಓದಿದೆವು. ನಾನು ಹೊಂಬಳದವಳು, ಜೋಳ ಬಿತ್ತುವ ಮನೆಯಲ್ಲಿ ಹುಟ್ಟಿದವಳು. ಸೀರೆ ಎಂದರೆ ಅಂಗಡಿಯಲ್ಲಿ ಸಿಗುವ ವಸ್ತು ಎಂದಷ್ಟೇ ಗೊತ್ತಿತ್ತು. ಅವಳ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ಕುಣಿಮಗ್ಗ. ನೆಲದಲ್ಲಿ ತೋಡಿದ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವಳ ಅವ್ವ ನೇಯುತ್ತಿದ್ದರು. ಅಪ್ಪ ಹಿಂದಿನ ಖೋಲಿಯಲ್ಲಿ ರಟ್ಟು ಹೊಡೆಯುತ್ತಿದ್ದರು. ರಟ್ಟು ಎಂದರೆ ಉದ್ದನೆಯ ದಪ್ಪ ಕಾಗದದ ಪಟ್ಟಿ. ಅದರಲ್ಲಿ ತೂತು ಇದ್ದಲ್ಲಿ ಮಗ್ಗದ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ನೂರಾರು ರಟ್ಟುಗಳನ್ನು ಮಾಲೆಯ ಹಾಗೆ ಕಟ್ಟಿ ಮಗ್ಗದ ಮೇಲೆ ಏರಿಸಿದರೆ ಸೆರಗಿನಲ್ಲಿ ಚಿತ್ರ ಮೂಡುತ್ತದೆ. ಅವರಿಬ್ಬರನ್ನೂ ಓದುವ ದಿನಗಳಿಂದ ನಾನು ಕಾಕಾ, ಕಾಕು ಎಂದೇ ಕರೆಯುತ್ತ ಬಂದಿದ್ದೇನೆ.

ಗೆಳತಿ ಓದು ಮುಗಿಸಿ ಅದೇ ಹಿಂದಿನ ಖೋಲಿಗೆ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟಳು. ರಟ್ಟು ಹೊಡೆಯುವ ಯಂತ್ರವನ್ನು ನಡೆಸಲು ತಾನೇ ಒಂದು ಸರ್ಕ್ಯೂಟ್ ಕಾರ್ಡ್ ಮಾಡಿ ಕಂಪ್ಯೂಟರಿನೊಳಗೆ ಸಿಕ್ಕಿಸಿದಳು. ಆ ಕಾರ್ಡಿಗೆ ತನ್ನದೇ ಪುಟ್ಟ ಮೆಮೊರಿ, ಪಕ್ಕದಲ್ಲಿ ಎಂಟಾಣೆ ನಾಣ್ಯದಷ್ಟು ದೊಡ್ಡ ಬ್ಯಾಟರಿ. ವಿನ್ಯಾಸವನ್ನು ಕಾರ್ಡಿಗೆ ತುಂಬಿದರೆ ಕರೆಂಟು ಹೋದರೂ ಅದು ಅಲ್ಲೇ ಉಳಿಯುತ್ತಿತ್ತು. ಮತ್ತೆ ಕರೆಂಟು ಬಂದಾಗ ಯಂತ್ರ ಬಿಟ್ಟಲ್ಲಿಂದಲೇ ತೂತು ಹೊಡೆಯುತ್ತಿತ್ತು. ಬೆಟಗೇರಿಯ ಕರೆಂಟಿಗೆ ತಕ್ಕ ಬುದ್ಧಿ ಅದು. ಕಾಕಾ ಓಣಿಯವರನ್ನೆಲ್ಲ ಕರೆದು ತೋರಿಸಿದ್ದರಂತೆ.

ಒಂದು ಚಳಿಗಾಲದ ಭಾನುವಾರ ನಾವಿಬ್ಬರೂ ಮಾಗಡಿ ಕೆರೆಗೆ ಹೋಗಿದ್ದೆವು. ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿದಿದ್ದವು. ಏರಿಯ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವಳು ಎಡಗೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಚೌಕುಳಿ ಹಾಳೆಯ ವಹಿಯಲ್ಲಿ ಒಂದು ಹೆಬ್ಬಾತನ್ನು ಬರೆಯತೊಡಗಿದಳು, ಒಂದು ಚೌಕಕ್ಕೆ ಒಂದು ಚುಕ್ಕಿ. ನಾನು ಬಗ್ಗಿ ನೋಡಿ, ಕುತ್ತಿಗೆ ಒಂದು ಚೌಕ ಉದ್ದ ಆಯಿತು ಎಂದೆ.

"ಹೌದs? ಹಕ್ಕಿಗೆ ಹೇಳಿ ಬಾ ಹೋಗ, ಅಲ್ಲೇ ಐತಿ," ಎಂದಳು. ಆಮೇಲೆ ನಕ್ಕು, "ನಿನ್ನ ಕೈಯಾಗ ದೇವರ ಫೋಟೋ ಕೊಟ್ರೂ ಕಿರೀಟ ಸೊಟ್ಟ ಐತಿ ಅಂತಿ ಲೇ ನೀ," ಎಂದಳು. ಕುತ್ತಿಗೆಯನ್ನು ಮಾತ್ರ ತಿದ್ದಲಿಲ್ಲ.

ಮರು ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಒಂಬತ್ತು ದಿನ. ಹತ್ತನೆಯ ದಿನ ಕಾಕಾ ಫೋನ್ ಮಾಡಿದರು, ಮಾತನಾಡಲಿಲ್ಲ, ಅವರ ಉಸಿರು ಕೇಳಿಸಿತು. ನಾನು ಬಸ್ಸಿನಲ್ಲಿ ಕೂತು ಅತ್ತೆ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ಗದಗ ಬರುವವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದಳು.

ಅವಳು ಹೋದ ಮೇಲೆ ಆ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಗುಡುಗಿನ ಮಳೆ ಬಂದು ಓಣಿಯಲ್ಲಿ ಕರೆಂಟು ಹೆಚ್ಚುಕಡಿಮೆಯಾಯಿತು. ಕಾಕಾ ಮರುದಿನ ಕಂಪ್ಯೂಟರ್ ಹಚ್ಚಿ ನೋಡಿದರೆ ಹಾರ್ಡ್ ಡಿಸ್ಕ್ ಸತ್ತಿತ್ತು. ಅವಳ ಎಲ್ಲ ವಿನ್ಯಾಸಗಳೂ, ಅವಳು ಬರೆದ ಪ್ರೋಗ್ರಾಮೂ ಅದರ ಜೊತೆಗೇ ಹೋದವು. ನಾನು ಬಿಚ್ಚಿ ನೋಡಿದೆ. ಕಾರ್ಡ್ ಮಾತ್ರ ಗಟ್ಟಿಯಿತ್ತು, ಬ್ಯಾಟರಿಯಲ್ಲಿ ಇನ್ನೂ ಜೀವವಿತ್ತು. ಜ್ವರ ಬರುವ ಹಿಂದಿನ ವಾರ ಅವಳು ಕಡೆಯದಾಗಿ ತುಂಬಿದ್ದ ವಿನ್ಯಾಸ ಅದರ ಮೆಮೊರಿಯಲ್ಲಿ ಇರಬೇಕು ಎಂದು ಕಾಕಾಗೆ ಹೇಳಿದೆ. ಮಾಗಡಿಯ ಹೆಬ್ಬಾತುಗಳ ಸೆರಗು ಅದು. ರಟ್ಟು ಹೊಡೆಯುವಷ್ಟರಲ್ಲಿ ಮಲಗಿಬಿಟ್ಟಿದ್ದಳು.

ಕಾಕು ಮಗ್ಗದಿಂದ ಎದ್ದು ಬಂದರು. "ಅದನ್ನ ತಗದು ಕೊಡ ಮಗಳs. ಅಕಿ ಕಡೀ ಸೆರಗು. ನನ್ನ ಕೈಲೆ ನೇಯಬೇಕು, ನಾನ ಉಡಬೇಕು. ಬ್ಯಾರೆ ಏನೂ ಕೇಳಂಗಿಲ್ಲ ನಿನ್ನ."

ತೆಗೆದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ಅದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಗೆಳತಿಯ ಪ್ರೋಗ್ರಾಂ ಹಳೆಯ ಡಾಸ್ ಕಾಲದ ರೀತಿಯದಾಗಿತ್ತು. ಅಲ್ಲಿ ಪ್ರೋಗ್ರಾಂ ಯಂತ್ರದ ಯಾವ ವಿಳಾಸಕ್ಕಾದರೂ ನೇರವಾಗಿ ಕೈಹಾಕಬಹುದು, ತಡೆಯುವವರಿಲ್ಲ. ನಾನು ಆ ಕಂಪ್ಯೂಟರನ್ನು ಎಬ್ಬಿಸಿದ್ದು ಬೇರೆ ಡಿಸ್ಕ್ ಜೋಡಿಸಿ, ಈ ಕಾಲದ ಆಪರೇಟಿಂಗ್ ಸಿಸ್ಟಂ ಹಾಕಿ. ಇಲ್ಲಿ ಪ್ರೋಗ್ರಾಂಗಳೆಲ್ಲ ಪ್ರೊಟೆಕ್ಟೆಡ್ ಮೋಡ್‌ನಲ್ಲಿ, ಅಂದರೆ ಕಾವಲಿನೊಳಗೆ ನಡೆಯುತ್ತವೆ. ಪ್ರತಿ ಪ್ರೋಗ್ರಾಮಿಗೂ ಅದರದೇ ಆದ ವಿಳಾಸಗಳ ಲೋಕ. ಊರಲ್ಲಿ ಮನೆಗೆ ಪಂಚಾಯಿತಿಯ ನಂಬರು ಬೇರೆ, ಆ ಜಾಗದ ಸರ್ವೆ ನಂಬರು ಬೇರೆ ಇರುವಂತೆ, ಪ್ರೋಗ್ರಾಮಿಗೆ ಕಾಣುವ ವಿಳಾಸ ಒಂದು, ಮೆಮೊರಿಯ ಚಿಪ್ಪು ನಿಜವಾಗಿ ಕುಳಿತಿರುವ ಭೌತಿಕ ವಿಳಾಸ ಇನ್ನೊಂದು. ಕಾರ್ಡಿನ ಮೆಮೊರಿಯನ್ನು ಮುಟ್ಟಬೇಕಾದರೆ ಸಿಸ್ಟಮ್ಮಿಗೆ ಅರ್ಜಿ ಹಾಕಬೇಕು: ಇಂಥ ಭೌತಿಕ ವಿಳಾಸದಿಂದ ಇಷ್ಟು ಜಾಗವನ್ನು ನನ್ನ ಲೋಕದಲ್ಲಿ ತೋರಿಸು ಎಂದು. ಅದು ಒಪ್ಪಿದರೆ ಕಾರ್ಡಿನ ಮೆಮೊರಿ ನಮ್ಮ ಪ್ರೋಗ್ರಾಮಿನ ಒಂದು ಪಟ್ಟಿಯಂತೆ ಕಾಣುತ್ತದೆ. ಅರ್ಜಿಯಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು: ಓದಲಿಕ್ಕೆ ಮಾತ್ರವೋ, ಬರೆಯಲಿಕ್ಕೂ ಬೇಕೋ.

ನಾನು ಎರಡೂ ಬೇಕು ಎಂದು ಬರೆದೆ. ಯೋಚನೆ ಮಾಡಿ ಬರೆದದ್ದಲ್ಲ, ಕೈರೂಢಿ. ಓದಲು ಮಾತ್ರ ಎಂದು ಬರೆದಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ.

ಕಾರ್ಡಿನ ವಿಳಾಸ ಅವಳ ವಹಿಯಲ್ಲಿ ಸಿಕ್ಕಿತು, 'D000' ಎಂದು ದುಂಡಗೆ ಬರೆದಿದ್ದಳು. ಅದನ್ನೇ ಕೊಟ್ಟೆ. ತೆರೆಯ ಮೇಲೆ ಬಂದದ್ದು ಹಕ್ಕಿಯೂ ಅಲ್ಲ, ಹೂವೂ ಅಲ್ಲ, ಬರೀ ಕಸ. ಎರಡು ಭಾನುವಾರ ಶಿರಹಟ್ಟಿಯಿಂದ ಬಂದು ತಲೆ ಕೆಡಿಸಿಕೊಂಡೆ. ಕಾಕು ಮಗ್ಗದಲ್ಲಿ ಕೂತೇ ಪ್ರತಿ ಸಲ "ಬಂತೇನು?" ಎಂದು ಕೇಳುತ್ತಿದ್ದರು. ಮೂರನೆಯ ಭಾನುವಾರ ಬಸ್ಸು ಮಾಗಡಿ ದಾಟುವಾಗ ಥಟ್ಟನೆ ಹೊಳೆಯಿತು. ಹಳೆಯ ರೀತಿಯಲ್ಲಿ ವಿಳಾಸದ ಮೊದಲ ಭಾಗವನ್ನಷ್ಟೇ ಬರೆಯುತ್ತಿದ್ದರು, ಯಂತ್ರ ಅದನ್ನು ಹದಿನಾರರಿಂದ ಗುಣಿಸಿಕೊಳ್ಳುತ್ತಿತ್ತು. ನಿಜವಾದ ಭೌತಿಕ ವಿಳಾಸ ಬೇಕೆಂದರೆ ಕೊನೆಗೆ ಇನ್ನೊಂದು ಸೊನ್ನೆ ಸೇರಬೇಕು. ಇಷ್ಟು ದಿನ ನಾನು ಬೇರೆ ಯಾರದೋ ಮನೆಯ ಬಾಗಿಲು ತಟ್ಟುತ್ತಿದ್ದೆ. ಮಕ್ಕಳಿಗೆ ಪಾಠ ಹೇಳುವವಳು ನಾನು. ಬಸ್ಸಿನಲ್ಲಿ ನನಗೆ ನಾನೇ ಛೀಮಾರಿ ಹಾಕಿಕೊಂಡೆ.

ಸೊನ್ನೆ ಸೇರಿಸಿ ಮತ್ತೆ ಓಡಿಸಿದೆ. ತೆರೆಯ ಮೇಲಿನಿಂದ ಕೆಳಕ್ಕೆ ಹೆಬ್ಬಾತುಗಳು ಇಳಿಯತೊಡಗಿದವು. ಸಾಲಿಗೆ ಎಂಟು, ಹನ್ನೆರಡು ಸಾಲು, ಒಟ್ಟು ತೊಂಬತ್ತಾರು. ಕುತ್ತಿಗೆ ಒಂದು ಚೌಕ ಉದ್ದವಾಗಿಯೇ ಇತ್ತು. ಕಾಕಾ ನನ್ನ ಹಿಂದೆ ನಿಂತಿದ್ದರು. ಕಾಕು ಕೈ ಒರೆಸಿಕೊಳ್ಳುತ್ತ ಬಂದು ತೆರೆಯ ಮೇಲೆ ಬೆರಳಿಟ್ಟು, ಒಂದು ಹಕ್ಕಿಯ ಬೆನ್ನಿನ ಮೇಲೆ ಹಾಗೇ ಎಳೆದರು. ಆ ಸುಖವನ್ನು ನಾನು ಮರೆಯಲಾರೆ. ಗೆಳತಿ ಎದ್ದು ಬಂದಳು ಎಂದೇ ಅನ್ನಿಸಿತು ನನಗೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಒಂದು ನಕಲು ತೆಗೆದಿಟ್ಟುಕೊಳ್ಳಬೇಕಿತ್ತು. ಅವರು ಅತ್ತ ಚಹಾ ಮಾಡಲು ಹೋದರು, ನಾನು ಇತ್ತ ಹಕ್ಕಿಗಳನ್ನು ಸೂಕ್ಷ್ಮವಾಗಿ ನೋಡತೊಡಗಿದೆ. ಎಲ್ಲ ಹೆಬ್ಬಾತುಗಳೂ ಒಂದೇ ಅಚ್ಚಿನವು. ಆದರೆ ಒಂದು ಹಕ್ಕಿಯ ರೆಕ್ಕೆಯಲ್ಲಿ ಒಂದು ಚುಕ್ಕಿ ಇಲ್ಲ. ಇನ್ನೊಂದರ ಕಾಲ ಹತ್ತಿರ ಒಂದು ಚುಕ್ಕಿ ಹೆಚ್ಚು. ಬ್ಯಾಟರಿ ಸೋಲುತ್ತಿದೆ, ಮೆಮೊರಿ ಅಲ್ಲಲ್ಲಿ ಅಳಿಸುತ್ತಿದೆ ಎಂದು ತೀರ್ಮಾನಿಸಿದೆ. ತಪ್ಪು ಕಂಡಿತ್ತಲ್ಲ, ಕೈ ಸುಮ್ಮನಿರಬೇಕೇ? ಹತ್ತು ನಿಮಿಷದಲ್ಲಿ ಒಂದು ತುಣುಕು ಪ್ರೋಗ್ರಾಂ ಬರೆದೆ: ತೊಂಬತ್ತಾರು ಹಕ್ಕಿಗಳನ್ನೂ ಹೋಲಿಸು, ಯಾವ ಚುಕ್ಕಿ ಉಳಿದವಕ್ಕೆ ಹೊಂದುವುದಿಲ್ಲವೋ ಅದನ್ನು ಹೊಂದಿಸು. ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. 'ಏಳು ತಪ್ಪು ಸರಿಪಡಿಸಲಾಗಿದೆ' ಎಂದು ತೆರೆಯ ಮೇಲೆ ಬಂತು. ಯಾವ ಏಳು ಎಂದು ಅದು ಹೇಳಲಿಲ್ಲ. ಹೇಳು ಎಂದು ನಾನು ಬರೆದಿರಲಿಲ್ಲ.

ಸಾಮಾನ್ಯ ಕಡತವಾಗಿದ್ದರೆ ಉಳಿಸಬೇಕೋ ಬೇಡವೋ ಎಂದು ಯಂತ್ರ ಕೇಳುತ್ತದೆ. ಇದು ಕಡತವಲ್ಲ. ನನ್ನ ಪಟ್ಟಿಯಲ್ಲಿ ಕಾಣುತ್ತಿದ್ದದ್ದು ನಕಲಲ್ಲ, ಕಾರ್ಡಿನ ಚಿಪ್ಪೇ. ಅಲ್ಲಿ ಚುಕ್ಕಿ ಬದಲಾದರೆ ಚಿಪ್ಪಿನಲ್ಲೇ ಬದಲಾಯಿತು, ಹಿಂದಕ್ಕೆ ಬರುವ ದಾರಿ ಇಲ್ಲ. ಇದನ್ನು ಪ್ರತಿ ವರ್ಷ ಹುಡುಗರಿಗೆ ನಾನೇ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಆ ದಿನ ಮಾತ್ರ ನನಗೆ ಏನೂ ಅನ್ನಿಸಲಿಲ್ಲ. ಚಹಾ ಕುಡಿದೆ. ರಟ್ಟು ಹೊಡೆಯುವ ಯಂತ್ರದ ಗುಂಡಿ ಒತ್ತಿದೆ. ಸಂಜೆಯ ಬಸ್ಸಿನ ಹೊತ್ತಿಗೆ ರಟ್ಟುಗಳೆಲ್ಲ ತೂತು ಹೊಡೆದು ಬಿದ್ದಿದ್ದವು, ಒಂದೂ ಲೋಪವಿಲ್ಲದೆ.

ಮುಂಡರಗಿಯಲ್ಲಿ ನೆಂಟರ ಮದುವೆ, ಆಮೇಲೆ ಕಾಲೇಜಿನ ಪರೀಕ್ಷೆ. ಮತ್ತೆ ಬೆಟಗೇರಿಗೆ ಹೋಗಲು ಒಂದು ತಿಂಗಳಾಯಿತು. ಹೋದಾಗ ಮಧ್ಯಾಹ್ನ. ಸೀರೆಯ ಒಡಲು ನೇಯ್ದು ಮುಗಿದು ಸೆರಗು ನಡೆದಿತ್ತು. ಅರಿಶಿಣ ಬಣ್ಣದ ಸೆರಗಿನ ಮೇಲೆ ಕಪ್ಪು ಹೆಬ್ಬಾತುಗಳು. ಒಂಬತ್ತು ಸಾಲು ಆಗಿದ್ದವು, ಮೂರು ಉಳಿದಿದ್ದವು. ಕಾಕು ಬಹಳ ನಿಧಾನ ನೇಯುತ್ತಿದ್ದರು. ಲಾಳಿ ಒಂದು ಸಲ ಈ ಕಡೆಯಿಂದ ಆ ಕಡೆಗೆ ಹೋದರೆ ಕೈ ನಿಲ್ಲಿಸಿ, ಬಗ್ಗಿ, ಎಳೆಗಳ ಮೇಲೆ ಕಣ್ಣಾಡಿಸಿ, ಆಮೇಲೆ ಮುಂದಿನದು.

"ಯಾಕ ಕಾಕು, ಇಷ್ಟ ಸಾವಕಾಶ?" ಎಂದೆ.

"ಇನ್ನೂ ಸಿಕ್ಕಿಲ್ಲ ಮಗಳs."

"ಏನ್ ಸಿಕ್ಕಿಲ್ರಿ?"

ಅವರು ನನ್ನ ಮುಖ ನೋಡಿ ನಕ್ಕರು. ಮಗಳು ಹೋದ ಮೇಲೆ ನಾನು ಕಂಡ ಮೊದಲ ನಗು ಅದು. "ನೀವು ಹೊಲದವ್ರು, ನಿಮಗೇನ ಗೊತ್ತಿರತೈತಿ. ಹೊಸಾ ನಮೂನಿ ತಗದವ್ರು ಒಂದು ಎಳಿ ಬೇಕಂತನ ತಪ್ಪಿಸಿ ಇಡ್ತಾರ, ದೃಷ್ಟಿ ಆಗಬಾರದಂತ. ಎಲ್ಲೆ ಇಟ್ಟೀನಿ ಅಂತ ಹೇಳೂದಿಲ್ಲ. ನೇಯಾವ್ರು ಹುಡುಕಬೇಕು. ನಂದೂ ಅಕಿದೂ ದಿನಾ ಇದ ಆಟ. ನಾ ಇಲ್ಲೆ ಕುಣಿಯೊಳಗ ಕುಂತು 'ಸಿಕ್ತಲೇ!' ಅಂತ ಒದರ್ತಿದ್ದೆ. ಅಕಿ ಹಿಂದಿನ ಖೋಲಿಂದ 'ಇಲ್ಲವಾ, ಅದಲ್ಲ, ಸುಳ್ಳ ಹೇಳಬ್ಯಾಡ' ಅಂತಿದ್ಳು. ಓಡಿ ಬಂದು ನೋಡಿ, ಖರೇನ ಸಿಕ್ಕಿದ್ರ ನನ್ನ ಕೈ ಹಿಡಕೊಂಡು ಮುದ್ದು ಕೊಡ್ತಿದ್ಳು." ಕಾಕು ಲಾಳಿ ಎತ್ತಿಕೊಂಡರು. "ಈ ಸಲ ಭಾಳ ದೂರ ಒಯ್ದು ಇಟ್ಟಾಳ, ಕಳ್ಳಿ."

ಏಳು ಎಂಬ ಆ ಒಂದು ಮಾತು ತಲೆಯಲ್ಲಿ ಬಂದು ನಿಂತಿತು. ಆರು ಬ್ಯಾಟರಿಯವು ಇರಬಹುದು, ಐದು ಇರಬಹುದು, ಯಾರಿಗೆ ಗೊತ್ತು? ಒಂದಂತೂ ಅವಳದು. ರೆಕ್ಕೆಯದೋ ಕಾಲಿನ ಹತ್ತಿರದ್ದೋ, ನಾನು ನೋಡದೇ ಹೋದ ಉಳಿದ ಐದರಲ್ಲಿ ಒಂದೋ. ಅವ್ವನಿಗೆಂದು ಅವಳು ಬಚ್ಚಿಟ್ಟು ಹೋದದ್ದನ್ನು ನಾನು ತಿದ್ದಿ ಹಾಕಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಹೆಸರಿಲ್ಲ.

ನೀರು ಕುಡಿಯಲು ಕಾಕು ಒಳಗೆ ಹೋದರು. ರಟ್ಟಿನ ಮಾಲೆ ಮಗ್ಗದ ಮೇಲೆ ತೂಗುತ್ತಿತ್ತು, ಮುಂದಿನ ಸಾಲಿನ ರಟ್ಟುಗಳು ಕೈಗೆಟಕುವಷ್ಟು ಹತ್ತಿರ. ಒಂದು ತೂತಿನ ಮೇಲೆ ಬೆರಳುಗುರಿನಷ್ಟು ಕಾಗದ ಅಂಟಿಸಿದರೆ ಸಾಕು, ಅಲ್ಲೊಂದು ಎಳೆ ತಪ್ಪುತ್ತಿತ್ತು. ಅದನ್ನು ಕಂಡ ಕೂಡಲೇ ಕಾಕು 'ಸಿಕ್ತಲೇ' ಎಂದು ಕೂಗುತ್ತಿದ್ದರು. ಅಂಟು ಎದುರಿನ ಗೂಡಿನಲ್ಲೇ ಇತ್ತು. ಎದ್ದು ನಿಂತೆ, ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ. ಒಮ್ಮೆ ಅವಳ ತಪ್ಪನ್ನು ಅಳಿಸಿದವಳು ನಾನು, ಈಗ ನನ್ನದೊಂದು ತಪ್ಪನ್ನು ಅವಳ ಹೆಸರಿನಲ್ಲಿ ಇಡಲು ಮನಸ್ಸು ಒಪ್ಪಲಿಲ್ಲ. ಸರಿ ಮಾಡಿದೆನೋ ಇಲ್ಲವೋ ಈಗಲೂ ತಿಳಿಯದು.

ಹತ್ತನೆಯ ಸಾಲು ಆಯಿತು. ಹನ್ನೊಂದನೆಯದು ಆಯಿತು. ನಾನು ಪಕ್ಕದಲ್ಲೇ ಕೂತಿದ್ದೆ, ಎದ್ದು ಹೋಗುವ ಧೈರ್ಯವೂ ಇರಲಿಲ್ಲ. ಹನ್ನೆರಡನೆಯ ಸಾಲಿಗೆ ಬಂದಾಗ ಕಾಕುವಿನ ಮುಖದಲ್ಲಿ ಬೆಳಕಿತ್ತು, ಇನ್ನು ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾಳೆ ಎಂಬಂತೆ. ಕೊನೆಯ ಹೆಬ್ಬಾತಿನ ಬೆನ್ನು ಮುಗಿಯಿತು. ತಲೆಯ ಪಟ್ಟೆ ಮುಗಿಯಿತು. ರಟ್ಟು ತೀರಿತು. ಕಾಕು ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು ನೇಯ್ದ ಸಾಲುಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು.

"ನನ್ನ ಕಣ್ಣ ತಪ್ಪಿರಬೇಕು," ಎಂದರು ಆಮೇಲೆ. "ವಯಸ್ಸಾತು ಮಗಳs. ಎಲ್ಲೋ ದಾಟಿಸಿ ಬಂದೀನಿ."

ನಾನು ಹೊರಗೆ ಬಂದೆ. ಕಾಕಾ ಕಟ್ಟೆಯ ಮೇಲೆ ಕೂತು ನೂಲು ಬಿಡಿಸುತ್ತಿದ್ದರು. ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವರು ನೂಲಿನಿಂದ ಕಣ್ಣು ಎತ್ತಲಿಲ್ಲ.

"ಎಷ್ಟ ಇದ್ದೂ?"

"ಏಳ್ರಿ."

"ಎಲ್ಲೆಲ್ಲೆ ಅಂತ ಬರಕೊಂಡಿಯೇನು?"

"ಇಲ್ರಿ ಕಾಕಾ."

ಓಣಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಕಾಕಾ ಅವರಿಗೆ ನಮಸ್ಕಾರ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಏಳೂ ಹಂಗ ಬಿಡಬೇಕಿತ್ತವಾ. ಏಳೂ ಅಕಿವ ಅಂತ ಉಡ್ತಿದ್ಳು."

"ಕಾಕುಗ ಹೇಳಿಬಿಡ್ತೀನ್ರಿ," ಎಂದು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. "ಬ್ಯಾಡ. ಸಿಗವಲ್ದು ಅಂದ್ರ ಹುಡುಕ್ತಾಳ. ಇಲ್ಲs ಇಲ್ಲ ಅಂದ್ರ ಏನ ಮಾಡಬೇಕು ಅಕಿ?"

ಈ ಮಾತಿಗೆ ನಾನು ಒಪ್ಪಿದೆ. ಅವರ ಒಳ್ಳೆಯದಕ್ಕೆ ಒಪ್ಪಿದೆನೋ, ನನ್ನ ಹೇಡಿತನಕ್ಕೆ ಅದು ಅನುಕೂಲವಾಯಿತೋ, ಬಿಡಿಸಿ ಹೇಳಲಾರೆ. ಈಗಲೂ ಭಾನುವಾರ ಹೋಗುತ್ತೇನೆ. ಸೀರೆಯನ್ನು ಕಾಕು ಇನ್ನೂ ಉಟ್ಟಿಲ್ಲ. ಸಿಕ್ಕಿದ ಮೇಲೆ ಉಡುತ್ತೇನೆ ಎನ್ನುತ್ತಾರೆ. ಊಟವಾದ ಮೇಲೆ ಬಾಗಿಲ ಬೆಳಕಿನಲ್ಲಿ ಚಾಪೆ ಹಾಕಿ ಸೆರಗು ಹರಡಿಕೊಂಡು ಕೂರುತ್ತಾರೆ, ಒಂದೊಂದೇ ಹಕ್ಕಿಯ ಮೇಲೆ ಬೆರಳಾಡಿಸುತ್ತಾರೆ. ಗದಗಿಗೆ ಹೋಗಿ ಕನ್ನಡಕ ಬದಲಿಸಿಕೊಂಡು ಬಂದಿದ್ದಾರೆ.

ಹೋದ ವಾರ ನಾನು ಚಪ್ಪಲಿ ಬಿಡುವಾಗಲೇ ಕರೆದರು. "ಬಾ, ಇಲ್ಲೆ ಕುಂಡ್ರ ಬಾ. ನಿನ್ನ ಕಣ್ಣ ಚಲೋ ಅದಾವ. ತಪ್ಪ ಹಿಡಿಯೂದ್ರಾಗ ನಿನ್ನ ಬಿಟ್ರ ಇಲ್ಲ ಅಂತ ಅಕಿ ಯಾವಾಗಲೂ ಅಂತಿದ್ಳು. ಒಂದು ಸಾಲ ನೋಡಿ ಕೊಡು."

ಎದುರಿಗೆ ಕೂತೆ. ಸೆರಗಿನ ಒಂದು ಅಂಚನ್ನು ನನ್ನ ಮೊಣಕಾಲ ಮೇಲೆ ಹಾಕಿದರು. ನಾನು ಮೊದಲ ಹಕ್ಕಿಯಿಂದ ಶುರು ಮಾಡಿ ಕಾಲು, ರೆಕ್ಕೆ, ಉದ್ದನೆಯ ಕುತ್ತಿಗೆ, ತಲೆಯ ಪಟ್ಟೆ, ಎಲ್ಲವನ್ನೂ ಎಳೆ ಎಳೆಯಾಗಿ ನೋಡಿದೆ. ಎಂಟನೆಯ ಹಕ್ಕಿಯವರೆಗೂ ಹಾಗೇ ನೋಡಿದೆ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು.

"ಈ ಸಾಲಿನ್ಯಾಗ ಇಲ್ರಿ ಕಾಕು," ಎಂದೆ.

"ಹೌದs? ಆತು ಬಿಡು," ಎಂದು ಅವರು ಮುಂದಿನ ಸಾಲನ್ನು ನನ್ನ ಮೊಣಕಾಲ ಮೇಲೆ ಎಳೆದರು.